ಅತಿಥಿ ಸತ್ಕಾರವೂ ಒಂದು ವಿದ್ಯೆ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಮಕ್ಕಳ ಪ್ರತಿಭಾ ಪುರಸ್ಕಾರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಆದರೂ ಅಧ್ಯಕ್ಷರು ನನಗೆ ಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಎರಡು ಮಾತಾಡಲು ಅಪ್ಪಣೆ ಮಾಡಿದ್ದಾರೆ. ಇಂಜಿನಿಯರಿಂಗ್, ಡಾಕ್ಟರ್, ನರ್ಸಿಂಗ್ ಬಗ್ಗೆ ನಿಮಗೆಲ್ಲ ಗೊತ್ತಿದೆ. ಆದ್ದರಿಂದ ನಾನು ಗೊತ್ತಿಲ್ಲದ ಒಂದು ಓದಿನ ಬಗ್ಗೆ ಮಾತಾಡುತ್ತೇನೆ. ಪ್ರವಾಸೋದ್ಯಮ, ಹೋಟೆಲ್ ಮ್ಯಾನೇಜ್‌ಮೆಂಟ್, ಈವೆಂಟ್ ಮ್ಯಾನೇಜ್‌ಮೆಂಟ್ ಎಂದು ಈಗ ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಾರಲ್ಲ, ಅದು. ಇದನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಇದರ ವಿಚಾರದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಬಿಡಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ಉನ್ನತ ವ್ಯಾಸಂಗಕ್ಕೆ ಹೋಗುವ ಸದಸ್ಯರ ಮಕ್ಕಳಿಗೆ ಸಂಘದ ಲಾಭದಲ್ಲಿ ಸಹಾಯಧನ ಕೊಡುವುದೆಂದು ತೀರ್ಮಾನ ಮಾಡಿ ಅರ್ಜಿ ಕರೆದಿದ್ದೆವು. ಅದರಲ್ಲಿ ಎರಡು ಹಸು ಕಟ್ಟಿ ಹಾಲು ಹಾಕುವ ಒಬ್ಬ ತಾಯಿಯ ಅರ್ಜಿಯೂ ಇತ್ತು. ಮಗಳಿಗೆ ಬೆಂಗಳೂರಿನಲ್ಲಿ ಬಿ.ಎಚ್.ಎಂ., ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿಗೆ ಸೀಟು ಸಿಕ್ಕಿದೆ ಎಂದು ಬರೆದಿತ್ತು. ಅದನ್ನು ಓದಿದಾಗ ನಾನು, "ಲೋಟ ತೊಳೆಯೋಕೂ ಡಿಗ್ರಿ ಬೇಕೇನ್ರೀ?" ಅಂದೆ. ಸಭೆಯಲ್ಲಿದ್ದವರೆಲ್ಲ ನಕ್ಕರು. ಅರ್ಜಿ ಪಕ್ಕಕ್ಕೆ ಹೋಯಿತು. ಆ ತಾಯಿ ಹೊರಗೆ ಜಗುಲಿಯ ಮೇಲೆ ಕೂತಿದ್ದದ್ದು ನಮಗೆ ಗೊತ್ತಿರಲಿಲ್ಲ. ಮಾರನೆ ದಿನ ಬೆಳಿಗ್ಗೆ ಬಂದು ಹಾಲು ಹಾಕಿ, ನನ್ನ ಮುಖ ನೋಡದೆ ಕ್ಯಾನು ಎತ್ತಿಕೊಂಡು ಹೋದರು. ಕಿವಿಯಲ್ಲಿದ್ದ ಓಲೆ ಅಡವಿಟ್ಟು ಮಗಳಿಗೆ ಫೀಸು ಕಟ್ಟಿದರು ಎಂದು ಆಮೇಲೆ ತಿಳಿಯಿತು.

ಇದಾಗಿ ಎರಡು ವರ್ಷಕ್ಕೆ ನಮ್ಮ ವಾರ್ಷಿಕ ಮಹಾಸಭೆ ಬಂತು. ಊಟದ ಜವಾಬ್ದಾರಿ ನನ್ನದೇ. ನಿಮಗೆಲ್ಲ ನೆನಪಿರಬೇಕು, ಮರೆಯುವಂಥದ್ದಲ್ಲ. ಅಡುಗೆಯವರು ಬೇರೆ ಮದುವೆಗೆ ಹೋಗಬೇಕೆಂದು ಬೆಳಿಗ್ಗೆ ಆರಕ್ಕೇ ಪಲಾವ್, ಮೊಸರನ್ನ ಮುಗಿಸಿ ಹೊರಟುಬಿಟ್ಟರು. ನಾವು ಪಾತ್ರೆಗಳಿಗೆ ಮುಚ್ಚಳ ಹಾಕಿ ಶಾಮಿಯಾನದ ಕೆಳಗೆ ಇಟ್ಟೆವು. ಸಭೆಯಲ್ಲಿ ಬೋನಸ್ ವಿಚಾರ ಬಂದು ಮಾತಿಗೆ ಮಾತು ಬೆಳೆದು ಎಲೆ ಹಾಕುವಾಗ ಮೂರು ಗಂಟೆ. ರಾತ್ರಿಯಾಗುವಷ್ಟರಲ್ಲಿ ಹತ್ತಾರು ಜನಕ್ಕೆ ವಾಂತಿ, ಭೇದಿ. ದೇವರ ದಯೆ, ಎಲ್ಲರೂ ಹುಷಾರಾದರು. ನಾವು ಮೊಸರು ಸರಿ ಇರಲಿಲ್ಲ ಅಂದೆವು, ಅಡುಗೆಯವರ ಕೈ ಸರಿಯಿಲ್ಲ ಅಂದೆವು, ಅವರ ಬಾಕಿ ಹಣವನ್ನೂ ಹಿಡಿದೆವು.

ಆ ದೀಪಾವಳಿ ರಜೆಗೆ ಆ ಹುಡುಗಿ ಊರಿಗೆ ಬಂದಿತ್ತು. ತಾಯಿಗೆ ಮೈ ಸರಿಯಿಲ್ಲವೆಂದು ತಾನೇ ಡೇರಿಗೆ ಹಾಲು ತಂದಿತ್ತು. ಊಟದ ವಿಚಾರ ಮಾತಿಗೆ ಬಂದಾಗ ನನ್ನನ್ನು ಕೇಳಿತು: "ಮಾವ, ಬೆಳಿಗ್ಗೆ ಕರೆದ ಹಾಲನ್ನ ಮೂರು ಗಂಟೆವರೆಗೂ ಕ್ಯಾನಲ್ಲೇ ಬಿಡ್ತೀರಾ?"

"ಬಿಡೋದುಂಟಾ? ಒಡೆದು ಹೋಗುತ್ತೆ."

"ಮತ್ತೆ ಅನ್ನ ಬಿಟ್ರಲ್ಲ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಆ ಮಗು ನಿಧಾನವಾಗಿ ಹೇಳಿತು. ಅಡುಗೆ ಮಾಡಿದ ಪದಾರ್ಥ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಉಗುರು ಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಾಣುವಂತೂ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ. ಅನ್ನ ಹಾಗೇ ಬೆಚ್ಚಗಿದ್ದರೆ ಅದು ಮತ್ತೆ ಬೆಳೆದು ವಿಷ ಬಿಡುತ್ತದೆ. ಆ ವಿಷ ತಿರುಗಿ ಬಿಸಿ ಮಾಡಿದರೂ ಹೋಗುವುದಿಲ್ಲ. ತಪ್ಪು ಅಡುಗೆಯವರ ಕೈಯದಲ್ಲ, ಮೊಸರಿನದೂ ಅಲ್ಲ. ಊಟದ ಹೊತ್ತು ಮತ್ತು ಅಡುಗೆಯ ಹೊತ್ತು ಎರಡನ್ನೂ ಕೂಡಿಸಿ ಲೆಕ್ಕ ಹಾಕದ ನನ್ನದು. ಮರುದಿನವೇ ಅಡುಗೆಯವರ ಬಾಕಿ ಹಣ ಕೊಟ್ಟು ಬಂದೆ.

ಬಂಧುಗಳೇ, ಇಪ್ಪತ್ತೈದು ವರ್ಷದ ಹಿಂದೆ ಈ ಸಂಘ ಶುರುವಾದಾಗ ನಮ್ಮ ಹಿರಿಯರು ಏನಂದಿದ್ದರು? "ಹಾಲು ಕರೆಯೋದಕ್ಕೂ ಟ್ರೈನಿಂಗಾ?" ಅಂದಿದ್ದರು. ಹಾಲು ಕರೆಯೋದು ನಮಗೆಲ್ಲ ಬರುತ್ತಿತ್ತು. ಆದರೆ ಫ್ಯಾಟು, ಎಸ್.ಎನ್.ಎಫ್. ನೋಡೋದು, ಲ್ಯಾಕ್ಟೋಮೀಟರ್ ಇಡೋದು, ಬಿ.ಎಂ.ಸಿ.ಯಲ್ಲಿ 4 ಡಿಗ್ರಿಗೆ ತಂಪು ಮಾಡೋದು ಕಲಿಯಬೇಕಾಯಿತು. ಕಲಿತ ಮೇಲೆ ಅದೇ ಹಾಲಿಗೆ ಬೆಲೆ ಬಂತು. ಅಡುಗೆ, ಅತಿಥಿ ಸತ್ಕಾರವೂ ಹಾಗೇ. ಮನೆಗೆ ಬಂದ ನಾಲ್ಕು ಜನಕ್ಕೆ ಮುದ್ದೆ ಹಾಕೋದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಾನೂರು ಜನಕ್ಕೆ, ದಿನಾ, ಒಂದೇ ರುಚಿಯಲ್ಲಿ, ನಷ್ಟವಾಗದಂತೆ, ಯಾರ ಹೊಟ್ಟೆಯೂ ಕೆಡದಂತೆ ಹಾಕುವುದು ಬೇರೆ ವಿದ್ಯೆ.

ಈ ಓದು ನಿನ್ನೆ ಮೊನ್ನೆಯದಲ್ಲ. ಸ್ವಿಟ್ಜರ್‌ಲೆಂಡ್ ದೇಶದ ಲೋಸಾನ್ ಪಟ್ಟಣದಲ್ಲಿ 1893ರಲ್ಲೇ ಹೋಟೆಲ್ ಶಾಲೆ ಶುರುವಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1922ರಲ್ಲಿ ಈ ವಿಷಯ ಬಂತು. ನಮ್ಮ ದೇಶದಲ್ಲಿ 1954ರಲ್ಲಿ ಮುಂಬೈಯಲ್ಲಿ ಮೊದಲ ಸಂಸ್ಥೆ ಪ್ರಾರಂಭವಾಯಿತು. ಅದನ್ನು ಪ್ರಾರಂಭಿಸಿದವರು ದೊಡ್ಡ ಹೋಟೆಲಿನ ಸಾಹುಕಾರರಲ್ಲ. ಲೀಲಾವತಿ ಮುನ್ಷಿ ಎಂಬ ಹೆಣ್ಣುಮಗಳ ಮುಂದಾಳತ್ವದ ಮಹಿಳಾ ಆಹಾರ ಮಂಡಳಿ. ದೇಶದಲ್ಲಿ ಆಹಾರಕ್ಕೆ ಕಷ್ಟವಿದ್ದ ಕಾಲ. ಆಗ ಹೆಂಗಸರು ಕಟ್ಟಿದ ವಿದ್ಯೆ ಇದು. ಇಂಥದ್ದಕ್ಕೆ ಒಬ್ಬ ಹೆಣ್ಣುಮಗಳು ಹೋಗುತ್ತೇನೆ ಅಂದಾಗ ನಾನು ನಕ್ಕೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಉಡುಪಿ ಹೋಟೆಲಿನವರು ಯಾವ ಡಿಗ್ರಿ ಓದಿದ್ದರು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅವರು ಹೋಟೆಲಿನಲ್ಲೇ ಓದಿದರು. ಸಣ್ಣ ವಯಸ್ಸಿಗೆ ಬಂದು ಲೋಟ ತೊಳೆದು, ಸಪ್ಲೈ ಮಾಡಿ, ಗಲ್ಲಾ ನೋಡಿ, ವರ್ಷಗಟ್ಟಲೆ ಕಲಿತರು. ಉಡುಪಿ ಕಡೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಶುರು ಮಾಡಿದ ಹೋಟೆಲೇ ಎಂ.ಟಿ.ಆರ್. ಆ ಹೋಟೆಲು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯ ಅವರು, ಅಷ್ಟು ಹೆಸರು ಬಂದ ಮೇಲೂ, 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿ ಹೋಟೆಲುಗಳನ್ನು ಹೇಗೆ ನಡೆಸುತ್ತಾರೆಂದು ನೋಡಿ ಬಂದರು. ಬಂದು ತಟ್ಟೆ ಲೋಟಗಳ ಶುಚಿಯ ಕ್ರಮವನ್ನೇ ಬದಲಾಯಿಸಿದರು. ಕೈಯಲ್ಲಿ ಕಸುಬಿದ್ದವರೇ ಕಲಿಯಲು ಹೋದರು ಅಂದಮೇಲೆ ನಮ್ಮ ಮಕ್ಕಳು ಕಲಿತರೆ ಏನು ತಪ್ಪು?

ಈಗ ಈ ಓದಿನಲ್ಲಿ ಏನೇನಿದೆ ಎಂದು ತಂದೆ ತಾಯಿಯರಿಗೆ ಹೇಳುತ್ತೇನೆ. ಆ ಹುಡುಗಿಯನ್ನೂ, ಅದರ ಸಹಪಾಠಿಗಳನ್ನೂ ಕೇಳಿ ಬರೆದುಕೊಂಡದ್ದು.

ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಮುಖ್ಯವಾಗಿ ನಾಲ್ಕು ವಿಭಾಗ. ಅಡುಗೆ ಒಂದು, ಬಡಿಸುವುದು ಒಂದು, ಕೋಣೆಗಳ ಶುಚಿ ನೋಡುವ ಹೌಸ್‌ಕೀಪಿಂಗ್ ಒಂದು, ಬಂದವರನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್ ಒಂದು. ಇದರ ಜೊತೆಗೆ ಲೆಕ್ಕಪತ್ರ, ಪೌಷ್ಟಿಕತೆ, ಕಂಪ್ಯೂಟರ್, ಸ್ವಲ್ಪ ಫ್ರೆಂಚ್ ಭಾಷೆ. ಒಂದು ಕೆ.ಜಿ. ತರಕಾರಿಯಲ್ಲಿ ಸಿಪ್ಪೆ ಹೋಗಿ ಎಷ್ಟು ಉಳಿಯುತ್ತದೆ, ಒಂದು ತಟ್ಟೆ ಊಟಕ್ಕೆ ಎಷ್ಟು ಖರ್ಚು ಬಿತ್ತು ಎಂದು ಪೈಸೆ ಲೆಕ್ಕ ಹಾಕಿಸುತ್ತಾರೆ. ವಿದೇಶದವರು ಬಂದು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕು ಎಂಬಂಥ ಕಾನೂನೂ ಕಲಿಸುತ್ತಾರೆ. ಓದುವಾಗಲೇ ಕೆಲವು ತಿಂಗಳು ಹೋಟೆಲಿನಲ್ಲಿ ತರಬೇತಿಗೆ ಕಳಿಸುತ್ತಾರೆ. ಅಲ್ಲಿ ಲೋಟ ತೊಳೆಯುವುದೂ ಇದೆ. ಅದನ್ನು ಅವರು ಅವಮಾನ ಅಂದುಕೊಳ್ಳುವುದಿಲ್ಲ. ನಾಳೆ ಹತ್ತು ಜನರಿಂದ ಆ ಕೆಲಸ ಮಾಡಿಸಬೇಕಾದವರು ತಾವು ಒಮ್ಮೆ ಮಾಡಿ ನೋಡಿರಬೇಕು.

ಎರಡನೆಯದು ಪ್ರವಾಸೋದ್ಯಮ. ಇದರ ಪಾಠದಲ್ಲಿ ಥಾಮಸ್ ಕುಕ್ ಎಂಬುವವರ ಕಥೆ ಬರುತ್ತದೆ. 1841ರ ಜುಲೈ 5ರಂದು ಇಂಗ್ಲೆಂಡಿನಲ್ಲಿ ಮದ್ಯಪಾನ ವಿರೋಧಿ ಸಭೆಗೆ ಸುಮಾರು 500 ಜನರನ್ನು ತಲೆಗೆ ಒಂದು ಶಿಲ್ಲಿಂಗ್ ತಗೊಂಡು ರೈಲಿನಲ್ಲಿ ಲೆಸ್ಟರ್ ಪಟ್ಟಣದಿಂದ ಕರೆದುಕೊಂಡು ಹೋಗಿ ಬಂದರಂತೆ. ಮುಂದೆ ಅವರ ಹೆಸರಿನ ಪ್ರವಾಸ ಕಂಪನಿ ಜಗತ್ತಿಗೆಲ್ಲ ಗೊತ್ತಾಯಿತು. ಕುಡಿತ ಬಿಡಿಸಲು ಹೊರಟವರು ಇಷ್ಟು ದೊಡ್ಡ ಉದ್ಯೋಗಕ್ಕೆ ದಾರಿ ಮಾಡಿದರು!

ಅಷ್ಟು ದೂರ ಯಾಕೆ, ನಮ್ಮ ತಾಲ್ಲೂಕನ್ನೇ ನೋಡಿ. ಬೇಲೂರಿನ ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಶ ವಿದೇಶದ ಜನ ನಮ್ಮೂರ ರಸ್ತೆಯಲ್ಲೇ ಬೇಲೂರಿನಿಂದ ಹಳೇಬೀಡಿಗೆ ಹೋಗುತ್ತಾರೆ. ನಮಗೆ ಅದರಿಂದ ಬಂದದ್ದೇನು? ಬಸ್ಸಿನ ಧೂಳು, ಎಳನೀರಿನ ನಾಲ್ಕು ಕಾಸು. ದೇವಸ್ಥಾನ ನೋಡಿ ಸಂಜೆಗೆ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಿ ಉಳಿಯುತ್ತಾರೆ. ನಮ್ಮ ತೋಟದ ಹತ್ತಿರ ಗಾಡಿ ನಿಲ್ಲಿಸಿ ಹೆಂಗಸರು ಶೌಚಾಲಯ ಎಲ್ಲಿದೆ ಎಂದು ಕೇಳಿದಾಗ ನಾನು ತಲೆ ತಗ್ಗಿಸಿದ್ದೇನೆ. ಬಂದವರು ಒಂದು ಗಂಟೆ ಹೆಚ್ಚು ನಿಲ್ಲುವಂತೆ ಮಾಡುವುದು ಹೇಗೆ, ಶುಚಿಯಾದ ಶೌಚಾಲಯ, ಒಂದು ಲೋಟ ಒಳ್ಳೆ ಮಜ್ಜಿಗೆ, ರೊಟ್ಟಿ ಊಟ, ಕಾಯ್ದೆ ಪ್ರಕಾರ ನೋಂದಣಿ ಮಾಡಿದ ಹೋಂಸ್ಟೇ, ಕಥೆ ಸರಿಯಾಗಿ ಹೇಳುವ ಗೈಡು, ಇವನ್ನೆಲ್ಲ ಹೊಂದಿಸುವುದು ಹೇಗೆ ಎಂಬುದೇ ಪ್ರವಾಸೋದ್ಯಮದ ಪಾಠ. ನಮ್ಮ ಕಲ್ಲಿನ ಮದನಿಕೆಯರ ವಿಚಾರ ಹೊರಗಿನವರು ಬಂದು ಹೇಳಬೇಕೇ, ನಮ್ಮ ಮಕ್ಕಳು ಹೇಳಬೇಕೇ, ನೀವೇ ಯೋಚನೆ ಮಾಡಿ.

ಇದರಲ್ಲಿ ಇನ್ನೊಂದು ಪಾಠವಿದೆ. ಒಂದು ಜಾಗ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಎಂಬ ಲೆಕ್ಕ. ಒಂದು ಗೋಮಾಳದಲ್ಲಿ ಎಷ್ಟು ದನ ಮೇಯಬಹುದು ಎಂದು ನಮಗೆ ಗೊತ್ತಲ್ಲ, ಹಾಗೆ. ಮೇವು ಮೀರಿ ದನ ಬಿಟ್ಟರೆ ಹುಲ್ಲಿನ ಬೇರೂ ಉಳಿಯುವುದಿಲ್ಲ. ಪಕ್ಕದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆಗೆ 2025ರಲ್ಲಿ ದಿನಕ್ಕೆ ಇಷ್ಟೇ ವಾಹನ, ಮೊದಲೇ ಬುಕ್ಕಿಂಗ್ ಎಂದು ಮಿತಿ ಹಾಕಿದ್ದು ಇದೇ ಕಾರಣಕ್ಕೆ. ದುಡ್ಡು ಬರುತ್ತದೆಂದು ಬೆಟ್ಟ ಕೆಡಿಸಿಕೊಂಡರೆ ಆಮೇಲೆ ಯಾರೂ ಬರುವುದಿಲ್ಲ.

ಮೂರನೆಯದು ಈವೆಂಟ್ ಮ್ಯಾನೇಜ್‌ಮೆಂಟ್. ಇದು ಬರೀ ಹೂವಿನ ಅಲಂಕಾರ, ಧ್ವನಿವರ್ಧಕ ಅಂದುಕೊಂಡಿದ್ದೆ. ಈ ಬೆಳ್ಳಿ ಹಬ್ಬದ ತಯಾರಿಗೆ ಕೂತಾಗ ಆ ಹುಡುಗಿ ನಮಗೆ ಕೇಳಿದ ಪ್ರಶ್ನೆಗಳನ್ನು ಹೇಳುತ್ತೇನೆ. ಎಷ್ಟು ಜನ ಬರುತ್ತಾರೆ? ಒಂದೇ ಸಲ ಎಷ್ಟು ಜನ ಕೂರುತ್ತಾರೆ? ಒಂದು ಪಂಕ್ತಿ ಏಳುವುದಕ್ಕೆ ಎಷ್ಟು ಹೊತ್ತು? ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಬೇರೆ ಬೇರೆ ಇದೆಯಾ? ಕರೆಂಟ್ ಹೋದರೆ ಜನರೇಟರ್ ಯಾರು ಹಚ್ಚುತ್ತಾರೆ? ವಯಸ್ಸಾದವರು ಎಲ್ಲಿ ಕೂರುತ್ತಾರೆ? ಆಂಬುಲೆನ್ಸ್ ಬಂದರೆ ವೇದಿಕೆವರೆಗೂ ದಾರಿ ಇದೆಯಾ? ಇಷ್ಟು ವರ್ಷ ಸಭೆ ಸಮಾರಂಭ ಮಾಡಿದ ನಾವು ಒಬ್ಬರೂ ಕೊನೆಯ ಪ್ರಶ್ನೆ ಕೇಳಿಕೊಂಡಿರಲಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ದಿನ ಕಾಲ್ತುಳಿತವಾಗಿ 11 ಜನ ಪ್ರಾಣ ಬಿಟ್ಟರು. ಸಂತೋಷಕ್ಕೆ ಹೋದ ಮಕ್ಕಳು ಮನೆಗೆ ಬರಲಿಲ್ಲ. ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಎಷ್ಟು ಜನ ಸೇರುತ್ತಾರೆ ಎಂದು ನೀವೆಲ್ಲ ಸಾಲಿನಲ್ಲಿ ನಿಂತು ನೋಡಿದ್ದೀರಿ. ಜನ ಸೇರಿಸುವುದು ಸುಲಭ, ಸೇರಿದವರನ್ನು ಕ್ಷೇಮವಾಗಿ ಮನೆಗೆ ಕಳಿಸುವುದು ಕಷ್ಟ. ಅದನ್ನು ಕಲಿಸುವ ಓದು ಶೋಕಿಯ ಓದಲ್ಲ.

ಇನ್ನು ಸೇರುವ ವಿಚಾರ. ಪಿ.ಯು.ಸಿ. ಯಾವ ವಿಭಾಗದಲ್ಲಿ ಪಾಸಾದರೂ ಸೇರಬಹುದು, ಸೈನ್ಸೇ ಆಗಬೇಕೆಂದಿಲ್ಲ. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಇಲಾಖೆಯಡಿ 1982ರಲ್ಲಿ ಸ್ಥಾಪನೆಯಾದ ಹೋಟೆಲ್ ಮ್ಯಾನೇಜ್‌ಮೆಂಟ್ ರಾಷ್ಟ್ರೀಯ ಮಂಡಳಿ ಇದೆ. ಅದಕ್ಕೆ ಸೇರಿದ ಸಂಸ್ಥೆಯೊಂದು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದೆ. ಅಲ್ಲಿ ಮೂರು ವರ್ಷದ ಬಿ.ಎಸ್‌ಸಿ. ಪದವಿ. ಅದಕ್ಕೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಪಿ.ಯು.ಸಿ.ಗೆ ಸೇರಿದ ದಿನದಿಂದಲೇ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿ.ಎಚ್.ಎಂ. ಇದೆ. ಮಣಿಪಾಲದಲ್ಲಿ 1980ರ ದಶಕದಿಂದ ಹೆಸರಾದ ಕಾಲೇಜಿದೆ. ಪ್ರವಾಸೋದ್ಯಮಕ್ಕೇ ಅಂತ 1983ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆಯೂ ಗ್ವಾಲಿಯರ್‌ನಲ್ಲಿದೆ.

ಒಳ್ಳೆಯದನ್ನಷ್ಟೇ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಈ ಕೆಲಸದಲ್ಲಿ ಊರೆಲ್ಲ ಹಬ್ಬ ಮಾಡುವಾಗ ಅವರಿಗೆ ಡ್ಯೂಟಿ. ರಾತ್ರಿ ಪಾಳಿ ಇದೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಕೆಲಸ. ಮೊದಲ ಸಂಬಳ ನೋಡಿದರೆ ಇಷ್ಟು ಫೀಸು ಕಟ್ಟಿದ್ದು ಇದಕ್ಕಾ ಅನಿಸುತ್ತದೆ. 2020ರಲ್ಲಿ ಕೊರೋನ ಬಂದು ಲಾಕ್‌ಡೌನ್ ಆದಾಗ ಮೊದಲು ಬಾಗಿಲು ಹಾಕಿದ್ದರಲ್ಲಿ ಹೋಟೆಲು, ಪ್ರವಾಸದ ಕಂಪನಿಗಳೂ ಸೇರಿದ್ದವು. ಎಷ್ಟೋ ಹುಡುಗರು ಕೆಲಸ ಬಿಟ್ಟು ಊರಿಗೆ ಬಂದದ್ದನ್ನು ನಾವು ನೋಡಿದ್ದೇವೆ. ಮಕ್ಕಳಿಗೆ ಇದನ್ನೆಲ್ಲ ಹೇಳಿ, ಆಮೇಲೂ ಮನಸ್ಸಿದ್ದರೆ ಕಳಿಸಿ.

ಕಾಲೇಜು ನೋಡುವಾಗಲೂ ಎಚ್ಚರ. ಪಕ್ಕದ ಹಳ್ಳಿಯ ಒಬ್ಬ ಹುಡುಗ "ನೂರಕ್ಕೆ ನೂರು ವಿದೇಶದಲ್ಲಿ ಕೆಲಸ" ಎಂಬ ಕರಪತ್ರ ನಂಬಿ ಒಂದು ಡಿಪ್ಲೊಮಾಗೆ ಸೇರಿದ. ಅವರಪ್ಪ ಶುಂಠಿ ಮಾರಿದ ದುಡ್ಡೆಲ್ಲ ಕಟ್ಟಿದರು. ಕೊನೆಗೆ ಆ ಸರ್ಟಿಫಿಕೇಟಿಗೆ ಮಾನ್ಯತೆಯೇ ಇರಲಿಲ್ಲ. ಆದ್ದರಿಂದ ಸೇರುವ ಮೊದಲು ನಾಲ್ಕು ವಿಚಾರ ಕೇಳಿ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು? ತರಬೇತಿಗೆ ಯಾವ ಹೋಟೆಲಿಗೆ ಕಳಿಸುತ್ತಾರೆ? ಫೀಸು ಬಿಟ್ಟು ಸಮವಸ್ತ್ರ, ಚಾಕುಗಳ ಸೆಟ್ಟು, ಹಾಸ್ಟೆಲು ಸೇರಿ ಒಟ್ಟು ಎಷ್ಟಾಗುತ್ತದೆ? ಹೋದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಉತ್ತರವನ್ನು ಆಫೀಸಿನವರಿಂದಲ್ಲ, ಕೊನೆಯ ವರ್ಷದ ಮಕ್ಕಳಿಂದ ತಿಳಿದುಕೊಳ್ಳಿ. ನಾವು ಹಸು ಕೊಳ್ಳುವಾಗ ಮಾರುವವನ ಮಾತು ಕೇಳಿ ದುಡ್ಡು ಕೊಡುತ್ತೇವಾ? ಕೆಚ್ಚಲು ನೋಡಿ, ಎರಡು ಹೊತ್ತು ಹಾಲು ಕರೆದು ನೋಡುತ್ತೇವೆ. ಕಾಲೇಜಿಗೂ ಅಷ್ಟೇ.

ಹಣದ ವಿಚಾರದಲ್ಲಿ ಓಲೆ ಅಡವಿಡುವ ಮೊದಲು, ಕೈಸಾಲ ಮಾಡುವ ಮೊದಲು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ವಿಚಾರಿಸಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ನಾವು ಕೈಯಿಂದ ಪಾಲು ಹಾಕಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಲು ಸಮಯವಿದೆ. ಆದರೆ ಬಡ್ಡಿ ಮಾತ್ರ ಓದುವಾಗಲೂ ಬೆಳೆಯುತ್ತಿರುತ್ತದೆ ಎಂಬುದು ನೆನಪಿರಲಿ.

ಕೊನೆಯದಾಗಿ ಒಂದು ವಿನಂತಿ, ಒಂದು ಕ್ಷಮೆ.

ವಿನಂತಿ ಆಡಳಿತ ಮಂಡಳಿಗೆ ಮತ್ತು ನಿಮಗೆಲ್ಲರಿಗೆ. ಇನ್ನು ಮುಂದೆ ಸಹಾಯಧನದ ಅರ್ಜಿ ಬಂದಾಗ ಓದಿನಲ್ಲಿ ಮೇಲು ಕೀಳು ಎಣಿಸುವುದು ಬೇಡ. ಮಾನ್ಯತೆ ಇರುವ ಯಾವ ಪದವಿಯಾದರೂ ಸರಿ, ಇಂಜಿನಿಯರಿಂಗಿಗೆ ಕೊಡುವಷ್ಟೇ ಹೋಟೆಲ್ ಮ್ಯಾನೇಜ್‌ಮೆಂಟಿಗೂ, ಪ್ರವಾಸೋದ್ಯಮಕ್ಕೂ ಕೊಡೋಣ. ಈ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ನಾನೇ ಮಂಡಿಸುತ್ತೇನೆ. ನೀವು ಕೈ ಎತ್ತಬೇಕು.

ಕ್ಷಮೆ ಆ ತಾಯಿಗೆ. ಅವರು ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಮಗಳು ಡಿಗ್ರಿ ಮುಗಿಸಿ ಬೆಂಗಳೂರಿನ ಹೋಟೆಲೊಂದರ ಅಡುಗೆ ವಿಭಾಗದಲ್ಲಿ ಕೆಲಸಕ್ಕೆ ಸೇರಲಿದ್ದಾಳೆ. ಅದಕ್ಕೆ ಮೊದಲು ನಮ್ಮ ಬೆಳ್ಳಿ ಹಬ್ಬದ ಊಟದ ಪಟ್ಟಿ, ಹೊತ್ತಿನ ಪಟ್ಟಿ ಬರೆದುಕೊಟ್ಟಿದ್ದಾಳೆ. ಅಕ್ಕಾ, ಅವತ್ತು ನಾನು ಆಡಿದ ಮಾತು ತಪ್ಪು. ನಿಮ್ಮ ಮಗಳು ಕಲಿತದ್ದು ಲೋಟ ತೊಳೆಯುವುದನ್ನಲ್ಲ, ತೊಳೆದಿದ್ದರೂ ಅದು ಕೀಳಲ್ಲ. ನನ್ನನ್ನು ಕ್ಷಮಿಸಿ. ಇವತ್ತಿನ ಮೊದಲ ಬಹುಮಾನವನ್ನು ಮಗಳ ಜೊತೆ ನೀವೂ ವೇದಿಕೆಗೆ ಬಂದು ಸ್ವೀಕರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಊಟ ಒಂದು ಗಂಟೆಗೆ ಸರಿಯಾಗಿ ಶುರು, ಅನ್ನ ಈಗ ತಾನೇ ಒಲೆಯಿಂದ ಇಳಿಯುತ್ತಿದೆ. ಎಲ್ಲರೂ ಉಂಡು ಹೋಗಬೇಕು.

ಜೈ ಸಹಕಾರ, ಜೈ ಕರ್ನಾಟಕ.